ಬಟಾಣಿ ಕೂತ ತೊಡೆ

ಭಾನುವಾರ, ಮಧ್ಯಾಹ್ನ
ಕುರ್ಚಿ ಅಂಗಡಿಯಿಂದ

ನನ್ನ ಹಟಮಾರಿ ಮಗನಿಗೆ, ಅಮ್ಮನ ಆಶೀರ್ವಾದ.

ಮೊದಲು ಖರ್ಚು ಹೇಳಿಬಿಡುತ್ತೇನೆ. ನಿನ್ನ ಮಗನಿಗೆ ಸುನ್ನತಿ ಮಾಡಿಸದೆ ಬಿಟ್ಟದ್ದಕ್ಕೆ ಈ ಮನೆ ತೆತ್ತದ್ದು ಇಷ್ಟು. ನಿನ್ನ ದೊಡ್ಡತ್ತೆ ನಮ್ಮ ಹೊಸಿಲು ತುಳಿಯುವುದನ್ನು ಬಿಟ್ಟಿದ್ದಾಳೆ. ಇದನ್ನು ನಷ್ಟದ ಕಡೆ ಬರೆಯಲೋ ಲಾಭದ ಕಡೆ ಬರೆಯಲೋ ನಾನಿನ್ನೂ ತೀರ್ಮಾನಿಸಿಲ್ಲ. ನಿನ್ನಪ್ಪ ಸಂಜೆ ಗೆಳೆಯರ ಜೊತೆ ಕೂರುವುದನ್ನು ಬಿಟ್ಟಿದ್ದಾರೆ. ಮಹಡಿಯ ಮೇಲಿನ ನಿಮ್ಮ ಕೋಣೆಗೆ ಬೀಗ ಬಿದ್ದಿದೆ. ತೊಟ್ಟಿಲು ಗೋದಾಮಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲಿನ ಹಿಂದೆ ನಿಂತಿದೆ. ಆ ದಿನ ಹಾಕಿಸಿದ್ದ ಅರವತ್ತು ಕುರ್ಚಿಗಳಲ್ಲಿ ಎರಡು ವಾಪಸ್ ಬರಲಿಲ್ಲ. ನೀನು ನಿನ್ನಪ್ಪನ ಜೊತೆ ಮಾತು ಬಿಟ್ಟೆ, ಆಮೇಲೆ ನನ್ನ ಫೋನ್ ಎತ್ತುವುದನ್ನೂ ಬಿಟ್ಟೆ. ಇಷ್ಟು ಸಣ್ಣ ವಸ್ತುವಿಗೆ ಇಷ್ಟು ದೊಡ್ಡ ಬಾಡಿಗೆಯನ್ನು ನಾನಂತೂ ಇಷ್ಟು ವರ್ಷದ ವ್ಯಾಪಾರದಲ್ಲಿ ಯಾರಿಂದಲೂ ಕೇಳಿದ್ದಿಲ್ಲ.

ಅದಕ್ಕೇ ಕಾಗದ ಹಿಡಿದಿದ್ದೇನೆ. ಕಾಗದಕ್ಕೆ ಒಂದು ಅನುಕೂಲವಿದೆ, ನಡುವೆ "ಆಮೇಲೆ ಮಾಡ್ತೀನಮ್ಮಾ, ಮೇಲೆ ಕೆಲಸದಲ್ಲಿದ್ದೀನಿ" ಎಂದು ಕಟ್ ಮಾಡಲಾಗುವುದಿಲ್ಲ. ನೀನು ಅಲ್ಲಿ ಕಟ್ಟಡಕ್ಕೆ ಲಿಫ್ಟ್ ಕೂರಿಸುತ್ತಿದ್ದೀಯ. ಜನರನ್ನು ಮೇಲಕ್ಕೆ ಕೆಳಕ್ಕೆ ಒಯ್ಯುವ ಪೆಟ್ಟಿಗೆಯನ್ನು ಸರಿಯಾಗಿ ನಿಲ್ಲಿಸಲು ಬಲ್ಲವನು, ನಮ್ಮ ಮೂರು ಮೆಟ್ಟಿಲು ಇಳಿದು ಹೋದವನು, ಮತ್ತೆ ಹತ್ತುವುದು ಹೇಗೆಂದು ಮರೆತಂತಿದೆ.

ನನ್ನ ಕೋರಿಕೆ ಒಂದೇ. ಹೊರಡುವಾಗ ನೀನು ಬಾಗಿಲಲ್ಲಿ ನಿಂತು ನಿನ್ನಪ್ಪನನ್ನು ತೋರಿಸಿ ಒಂದು ಮಾತು ಆಡಿದೆ: "ನನ್ನ ಮಗ ಇವರ ತೊಡೆ ಹತ್ತಲ್ಲ. ನಾನಿರೋವರೆಗೂ ಹತ್ತಲ್ಲ." ಆ ಮಾತನ್ನು ನೀನು ಹಿಂದಕ್ಕೆ ತೆಗೆದುಕೊಳ್ಳಬೇಕು. ಬೇರೇನೂ ಬೇಡ. ಸುನ್ನತಿ ಮಾಡಿಸು ಎಂದು ನಾನು ಕೇಳುತ್ತಿಲ್ಲ. ಕ್ಷಮೆ ಕೇಳು ಎನ್ನುತ್ತಿಲ್ಲ, ಕ್ಷಮಿಸು ಎಂದೂ ಎನ್ನುತ್ತಿಲ್ಲ. ಆ ತೊಡೆಯ ಮಾತೊಂದನ್ನು ಬಿಡು. ಯಾಕೆ ಎನ್ನುವುದನ್ನು ಮೊದಲಿಂದ ಹೇಳದಿದ್ದರೆ ನೀನು ಕೇಳುವವನಲ್ಲ, ಹಾಗಾಗಿ ಮೊದಲಿಂದಲೇ ಹೇಳುತ್ತೇನೆ. ಅರ್ಧ ನಿನಗೆ ಗೊತ್ತಿರುವುದೇ. ಗೊತ್ತಿದೆ ಎಂದು ಪುಟ ಹಾರಿಸಬೇಡ.

ನಮ್ಮ ಅಂಗಡಿಯಲ್ಲಿ ನಾಲ್ಕುನೂರು ಕುರ್ಚಿಗಳಿವೆ. ಮುಚ್ಚಿಹೋದ ಶಾಲೆಯೊಂದರಿಂದ ಹನ್ನೆರಡು ಮುರುಕು ಕುರ್ಚಿ ತಂದು ಶುರು ಮಾಡಿದವಳು ನಾನು. ಈಗ ಈ ಊರಲ್ಲಿ ಯಾರೇ ಮದುವೆಯಾಗಲಿ, ಯಾರೇ ಸಾಯಲಿ, ಜನ ಕೂರುವುದು ನನ್ನ ಕುರ್ಚಿಯ ಮೇಲೆ. ನಾಲ್ಕುನೂರರಲ್ಲಿ ಬಾಡಿಗೆಗೆ ಹೋಗದ ಕುರ್ಚಿ ಒಂದೇ ಒಂದು. ನಿನ್ನ ಮುತ್ತಾತನ ಮರದ ಕೈಕುರ್ಚಿ. ಈ ಮನೆಯ ಗಂಡುಮಕ್ಕಳಿಗೆಲ್ಲ ಸುನ್ನತಿ ಆದದ್ದು ಅದರ ಮೇಲೆಯೇ, ತಾತನ ತೊಡೆಯಲ್ಲಿ. ತಾತ ಕೂರಬೇಕು, ಮಗುವನ್ನು ಹಿಡಿಯಬೇಕು, ಮುಗಿದ ಮೇಲೆ "ನಮ್ಮವನಾದ" ಎಂದು ಹೇಳಬೇಕು. ನಿನ್ನ ಸರದಿ ಬರುವಷ್ಟರಲ್ಲಿ ನಿನ್ನ ತಾತ ಇರಲಿಲ್ಲ. ಅದಕ್ಕೆ ನಿನ್ನಪ್ಪನೇ ಕೂತರು. ತಾತನಾಗಿ ಕೂರುವ ಸರದಿಗೆ ಅವರು ಕಾಯುತ್ತಿದ್ದರು. ಬಸ್ಸು ಓಡಿಸುವ ಕೆಲಸ ಬಿಟ್ಟು ನಮ್ಮ ವ್ಯಾನು ಓಡಿಸಲು ಶುರು ಮಾಡಿದ ಮೇಲೆ ಅವರು ಬಾಯಿಬಿಟ್ಟು ಬಯಸಿದ್ದು ಇದೊಂದೇ. ನಿನ್ನ ಹೆಂಡತಿ ಬಸುರಿಯಾದ ದಿನವೇ ಆ ಕುರ್ಚಿಗೆ ಪಾಲಿಶ್ ಹಾಕಿಸಿದ ಮನುಷ್ಯ!

ನೀವಿಬ್ಬರೂ ಬೇಡ ಎಂದು ತೀರ್ಮಾನಿಸಿದಿರಿ. ಯಾವಾಗ, ಎಲ್ಲಿ ಕೂತು ತೀರ್ಮಾನಿಸಿದಿರೋ ನನಗೆ ಗೊತ್ತಿಲ್ಲ. ದೊಡ್ಡವನಾದ ಮೇಲೆ ಬೇಕೆನಿಸಿದರೆ ಅವನೇ ಮಾಡಿಸಿಕೊಳ್ಳಲಿ ಎಂದುಕೊಂಡಿರಂತೆ. ಅದು ಅಪ್ಪ ಅಮ್ಮ ಆದವರ ಹಕ್ಕು, ನಾನು ತಕರಾರು ಎತ್ತುವುದಿಲ್ಲ. ಎಡವಿದ್ದು ಆಮೇಲೆ. ಆಸ್ಪತ್ರೆಯಿಂದ ಮನೆಗೆ ಬರುವ ದಿನ ನಿನ್ನಪ್ಪ ವ್ಯಾನಿನಲ್ಲಿ ಕೂತು, "ದಿನ ಯಾವುದು ಇಟ್ಕೊಳ್ಳೋಣ ಮಗಾ?" ಎಂದು ಕೇಳಿದಾಗ ನೀನು ಕಿಟಕಿಯಾಚೆ ನೋಡುತ್ತ, "ಅದು ಆಗಿಹೋಯ್ತು ಅಪ್ಪ, ಆಸ್ಪತ್ರೆಯಲ್ಲೇ ಮುಗಿಸಿದ್ರು" ಎಂದುಬಿಟ್ಟೆ.

ಅವರ ಮುಖವನ್ನು ನೀನು ನೋಡಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. "ನಾನಿಲ್ದೇನೇ?" ಎಂದರು, ಅಷ್ಟೇ. ನಮ್ಮ ಬೀದಿಗೆ ತಿರುಗುವಾಗ, "ಇರ್ಲಿ ಬಿಡು. ಮಗು ಚೆನ್ನಾಗಿದೆಯಲ್ಲ. ಜನಾನಾದ್ರೂ ಕರೆಯೋಣ. ಎಲ್ಲರೆದುರು ಒಂದು ಸಲ ತೊಡೆ ಮೇಲೆ ಕೂರಿಸ್ಕೋತೀನಿ" ಎಂದರು. ನೀನು ಹೂಂ ಎಂದೆ. ಒಂದು ಸುಳ್ಳಿನ ಮೇಲೆ ಇನ್ನೊಂದು ಹೂಂ ಪೇರಿಸಿದೆ. ಕುರ್ಚಿಯನ್ನು ಹಾಗೆ ಪೇರಿಸಿದರೆ ಎಷ್ಟನೆಯದಕ್ಕೆ ಬೀಳುತ್ತದೆಂದು ನನ್ನ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಗೊತ್ತಿರಬೇಕಿತ್ತು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. ನನಗೆ ಮೊದಲ ಸ್ನಾನದಲ್ಲೇ ತಿಳಿಯಿತು. ನೀವಿಬ್ಬರೂ ಅವನಿಗೆ ಮೂರು ಪದರ ಬಟ್ಟೆ ಸುತ್ತಿ ಬಚ್ಚಲಿಗೆ ಕಳಿಸಿದಿರಿ, ಸ್ನಾನ ಮಾಡಿಸುವವಳು ಕಣ್ಣು ಕಟ್ಟಿಕೊಂಡು ಕೂರುತ್ತಾಳೆ ಎನ್ನುವ ಹಾಗೆ. ಬಿಚ್ಚಿದೆ. ನೋಡಿದೆ. ಒಂದು ಗೀರಿಲ್ಲ, ಒಂದು ಗಾಯವಿಲ್ಲ, ಬಿಡಿಸಿದ ಬಟಾಣಿ ಕಾಳಿನ ಹಾಗೆ ನುಣ್ಣಗೆ ಇದ್ದ. ಅವನಿಗೆ ಬಟಾಣಿ ಎಂದು ಹೆಸರಿಟ್ಟದ್ದು ನಾನು ಆಗಲೇ. ಯಾಕೆಂದು ನೀವು ಕೇಳಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟಲ್ಲ. ಏನೆಂದು ಈಗಲೂ ಸರಿಯಾಗಿ ಹೇಳಲಾರೆ; ಭಾರದ ಸಾಮಾನು ಹೊತ್ತು ಹೋಗುವಾಗ ಹಿಂದಿನಿಂದ ಯಾರೋ ಕೈ ಕೊಟ್ಟ ಹಾಗೆ ಆಯಿತು. ಆ ದಿನದಿಂದ ಬಚ್ಚಲ ಬಾಗಿಲು ಹಾಕಿಕೊಂಡೇ ಸ್ನಾನ ಮಾಡಿಸಿದೆ. "ನಾನೂ ಒಂದಿನ ಮಾಡಿಸ್ತೀನಿ ಕೊಡೇ" ಎಂದು ನಿನ್ನ ದೊಡ್ಡತ್ತೆ ಬಂದಾಗ, "ಅತ್ತಿಗೆ, ಮಗೂಗೆ ನನ್ನ ಕೈ ಅಭ್ಯಾಸ ಆಗಿಬಿಟ್ಟಿದೆ" ಎಂದೆ. ಒಂದೇ ಮನೆಯಲ್ಲಿ ಒಂದೇ ಗುಟ್ಟನ್ನು ನೀವಿಬ್ಬರೂ ನನ್ನಿಂದ ಮುಚ್ಚಿಟ್ಟಿರಿ, ನಾನು ನಿಮ್ಮಿಂದ ಮುಚ್ಚಿಟ್ಟೆ. ಒಬ್ಬರಾದರೂ ಬಾಯಿಬಿಟ್ಟಿದ್ದರೆ ಅರವತ್ತು ಕುರ್ಚಿ ಬೀದಿಗೆ ಬರುತ್ತಿರಲಿಲ್ಲ.

ನಾನೇನು ಪ್ರಯತ್ನ ಪಡಲಿಲ್ಲ ಎಂದುಕೊಳ್ಳಬೇಡ. "ಆ ವಾರ ಕುರ್ಚಿ ಎಲ್ಲಾ ಬುಕ್ ಆಗಿದೆ ರೀ" ಎಂದೆ. "ಕುರ್ಚಿ ಅಂಗಡಿ ಇಟ್ಕೊಂಡು ಮೊಮ್ಮಗನಿಗೆ ಕುರ್ಚಿ ಇಲ್ಲ ಅಂತೀಯಲ್ಲೇ, ಬೇರೆ ಅಂಗಡಿಯಿಂದ ತರಿಸ್ಲಾ?" ಎಂದು ನಕ್ಕರು. ಇಡೀ ಊರಿಗೆ ನನ್ನ ಎದುರಾಳಿಯ ಕುರ್ಚಿ ತೋರಿಸುವುದೇ? ನಮ್ಮದೇ ಅರವತ್ತು ಕುರ್ಚಿ ತೆಗೆದಿಟ್ಟೆ. ನೋಡು, ಅಲ್ಲೂ ವ್ಯಾಪಾರದ ಜಂಬವೇ ಗೆದ್ದಿತು.

ಆ ದಿನದ ಕಥೆ ನಿನಗೆ ಗೊತ್ತು. ಆದರೆ ನೀನು ಅದನ್ನು ಕೋಪದ ಕಡೆಯಿಂದ ನೋಡಿದ್ದೀಯ. ನಾನು ಬಡಿಸುವ ಮೇಜಿನ ಕಡೆಯಿಂದ ನೋಡಿದ್ದೇನೆ. ದೊಡ್ಡತ್ತೆ ಬಟಾಣಿಯನ್ನು ಎತ್ತಿಕೊಂಡು, "ಡಾಕ್ಟ್ರು ಎಷ್ಟು ನೀಟಾಗಿ ಮಾಡಿದಾರೆ ನೋಡೋಣ ತಡಿ" ಎಂದಳು. ಬೇಡ ಎನ್ನುವಷ್ಟರಲ್ಲಿ ಬಟಾಣಿ ತನ್ನ ಅಭಿಪ್ರಾಯವನ್ನು ನೇರವಾಗಿ ಅವಳ ಹೊಸ ಬಟ್ಟೆಯ ಮೇಲೆಯೇ ತಿಳಿಸಿದ. ಅವಳು ಅವಸರದಲ್ಲಿ ಅವನ ಒದ್ದೆ ಬಟ್ಟೆ ಬಿಚ್ಚಿದಳು. "ಅಯ್ಯೋ! ಇದೇನಿದು! ಇದು ಹಾಗೇ ಇದೆಯಲ್ಲ!" ಅವಳ ಗಂಟಲು ಗೊತ್ತಲ್ಲ, ಕೊನೆಯ ಸಾಲಿನವರೂ ಎದ್ದು ನಿಂತರು.

ಆಗ ನಿನ್ನ ಹೆಂಡತಿ ಹೇಳಿದ್ದನ್ನು ನೀನು ಕೇಳಿಸಿಕೊಂಡೆಯೋ ಇಲ್ಲವೋ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಹುಡುಗಿ, ಜೋರಾಗಿ ಸೀನುವುದಕ್ಕೂ ಸಂಕೋಚ ಪಡುವವಳು. ಮಗುವನ್ನು ದೊಡ್ಡತ್ತೆಯ ಕೈಯಿಂದ ತೆಗೆದುಕೊಂಡು, "ಹೌದು ದೊಡ್ಡತ್ತೆ, ಹಾಗೇ ಇದೆ. ನಾವಿಬ್ರೂ ಯೋಚನೆ ಮಾಡಿ ಬಿಟ್ಟಿದ್ದು" ಎಂದಳು.

"ಬಿಡೋಕೆ ಅದೇನು ನಿನ್ನ ಸ್ವಂತದ್ದೇನೇ?"

"ಅಲ್ಲ. ಅವನದ್ದು. ಅದಕ್ಕೇ ಬಿಟ್ಟಿದ್ದು."

"ದೇವರಿಗೆ ಏನು ಹೇಳ್ತೀಯ?" ಎಂದು ದೊಡ್ಡತ್ತೆ ಕೇಳಿದಳು. ನಿನ್ನ ಹೆಂಡತಿ ಮಗುವಿಗೆ ಬಟ್ಟೆ ಸುತ್ತತೊಡಗಿದಳು. ಉತ್ತರ ಕೊಡಬೇಕಾಗಿಯೂ ಇರಲಿಲ್ಲ, ಪ್ರಶ್ನೆ ಕೇಳುವ ಕೆಲಸವನ್ನು ದೇವರು ನಿನ್ನ ದೊಡ್ಡತ್ತೆಗೆ ಗುತ್ತಿಗೆ ಕೊಟ್ಟದ್ದು ನನಗೆ ಗೊತ್ತಿಲ್ಲ.

ನಿನ್ನಪ್ಪ ಆ ಮರದ ಕುರ್ಚಿಯ ಮುಂದೆ ನಿಂತಿದ್ದರು. "ಆಗಿಹೋಯ್ತು ಅಂದ್ಯಲ್ಲೋ" ಎಂದರು. "ಹೇಳೋಕೆ ಧೈರ್ಯ ಬರ್ಲಿಲ್ಲ ಅಪ್ಪ" ಎಂದೆ ನೀನು. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅಷ್ಟು ಜನರೆದುರು ಮುಖ ಕಳೆದುಕೊಂಡ ಮನುಷ್ಯ ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ. "ನಮ್ಮಪ್ಪ, ನಾನು, ನೀನು, ಎಲ್ಲಾ ಒಂದೇ ಥರ. ಇವನೊಬ್ಬ ಯಾರ ಮನೆಯವನಾಗ್ತಾನೋ?" ಎಂದರು. "ಪರವಾಗಿಲ್ಲ, ಡಾಕ್ಟ್ರು ಇಲ್ಲೇ ಊಟಕ್ಕೆ ಬಂದಿದ್ದಾರೆ. ಇವತ್ತೇ ಆಗ್ಲಿ. ಕೊಡು, ನಾನು ಹಿಡ್ಕೋತೀನಿ. ಏನೂ ಆಗಲ್ಲ." ಮೂಲೆ ಕ್ಲಿನಿಕ್ಕಿನ ಡಾಕ್ಟರು ಆ ಕ್ಷಣದಿಂದ ತಟ್ಟೆಯಿಂದ ತಲೆಯೆತ್ತಲಿಲ್ಲ.

ನೀನು ಕೆರಳಿದ್ದು ಅವರು ಕೈ ಚಾಚಿದ್ದಕ್ಕಲ್ಲ, "ಏನೂ ಆಗಲ್ಲ" ಎಂಬ ಆ ಎರಡು ಶಬ್ದಕ್ಕೆ. "ನನಗೂ ಇದೇ ಹೇಳಿದ್ರಿ. ಇದೇ ಕುರ್ಚಿ. ಆರು ವರ್ಷ ನನಗೆ. ಏನೂ ಆಗಲ್ಲ, ಸುಮ್ನೆ ಕೂತ್ಕೋ ಅಂದ್ರಿ. ನೋವು ನನಗೆ ನೆನಪಿಲ್ಲ ಅಪ್ಪ. ನಿಮ್ಮ ಕೈ ನೆನಪಿದೆ. ಬಿಡಿ ಬಿಡಿ ಅಂತ ಕಿರುಚಿದ್ರೂ ಬಿಡಲಿಲ್ವಲ್ಲ, ಆ ಕೈ."

ಆಮೇಲೆ ಬಾಗಿಲಲ್ಲಿ ಆ ತೊಡೆಯ ಮಾತು. ಹೆಂಡತಿ ಮಗುವನ್ನು ಅವಳ ತಾಯಿಯ ಮನೆಗೆ ಬಿಟ್ಟು ನೀನು ಕೆಲಸದ ಊರಿಗೆ ಹೊರಟೆ.

ನೀನು ಹೋದ ಮೇಲಿನದ್ದು ನಿನಗೆ ಗೊತ್ತಿಲ್ಲ. ಅದಕ್ಕೇ ಈ ಕಾಗದ.

ನಿನ್ನಪ್ಪ ಎರಡು ದಿನ ಮಾತಾಡಲಿಲ್ಲ. ಅದು ದೊಡ್ಡ ವಿಷಯವಲ್ಲ, ಮೊದಲೂ ಹೆಚ್ಚು ಆಡುತ್ತಿರಲಿಲ್ಲ. ಆದರೆ ಅವರಿಗೆ ಕೈ ಎಲ್ಲಿಡಬೇಕೆಂದು ತಿಳಿಯದಾಯಿತು. ಊಟಕ್ಕೆ ಕೂತರೆ ಎಡಗೈಯನ್ನು ತೊಡೆಯ ಕೆಳಗೆ ಅದುಮಿ ಇಟ್ಟುಕೊಳ್ಳುತ್ತಾರೆ. ಪಕ್ಕದ ಮನೆಯ ಮಗು ಎಂದಿನಂತೆ ಓಡಿ ಬಂದರೆ ಎರಡೂ ಕೈ ಜೇಬಿಗೆ ಹೋಗುತ್ತವೆ. "ಎತ್ಕೊಳ್ಳಿ ರೀ, ಅಳ್ತಾ ಇದೆ" ಎಂದರೆ "ನೀನೇ ಎತ್ಕೋ" ಎನ್ನುತ್ತಾರೆ. ಒಂದು ದಿನ ಗೋದಾಮಿನಲ್ಲಿ ನಾನು ಹಿಂದಿನಿಂದ ಹೋದಾಗ ಅಂಗೈಗಳನ್ನು ಬಿಡಿಸಿ ನೋಡುತ್ತ ನಿಂತಿದ್ದರು. "ಗಟ್ಟಿಯಾಗಿ ಹಿಡೀದೆ ಇದ್ರೆ ಅಲ್ಲಾಡಿ ಗಾಯ ಹೆಚ್ಚಾಗುತ್ತೆ ಅಂದಿದ್ರು ಕಣೇ. ಅದಕ್ಕೇ ಹಿಡಿದಿದ್ದೆ" ಎಂದರು. ನಾನು ಕೇಳಿರಲಿಲ್ಲ. ನಿನಗೆ ಹೇಳಬೇಕಾಗಿದ್ದನ್ನು ನನಗೆ ಹೇಳಿದರು.

ಮರದ ಕುರ್ಚಿಗೆ ಟಾರ್ಪಾಲು ಹೊದಿಸಿದರು. "ಕೇಳಿದವ್ರಿಗೆ ಬಾಡಿಗೆಗೆ ಕೊಟ್ಬಿಡು" ಎಂದರು. ನಾನು ಕೊಟ್ಟಿಲ್ಲ.

ಸಂಜೆ ಗೆಳೆಯರು ಕೂರುವ ಕಟ್ಟೆಯಲ್ಲಿ ಒಬ್ಬರು, "ಏನಪ್ಪಾ, ಮೊಮ್ಮಗನ್ನ ಹಾಗೇ ಬಿಟ್ಯಂತೆ, ಮಗನ ಮೇಲೆ ಹಿಡಿತ ಇಲ್ವಾ?" ಎಂದು ಕೆಣಕಿದರಂತೆ. ನಿನ್ನಪ್ಪ, "ಅದು ಅವನ ಅಪ್ಪ ಅಮ್ಮಂಗೆ ಬಿಟ್ಟಿದ್ದು. ಹಿಡಿತದ ಮಾತು ನನ್ನ ಹತ್ರ ಆಡ್ಬೇಡಿ" ಎಂದು ಎದ್ದು ಬಂದರಂತೆ. ಇದನ್ನು ನನಗೆ ಹೇಳಿದ್ದು ಅವರಲ್ಲ, ಅಲ್ಲಿ ಚಹಾ ಮಾರುವವನು. ಮನೆಗೆ ಬಂದು ಇವರು ಹೇಳಿದ್ದು, "ಆ ಕಟ್ಟೆ ಮೇಲೆ ಕೂತ್ರೆ ಸೊಂಟ ನೋವು" ಎಂದಷ್ಟೇ.

ಇನ್ನು ವಾಪಸ್ ಬರದ ಎರಡು ಕುರ್ಚಿ. ನನಗೆ ನಿದ್ದೆ ಕೆಡಿಸುವ ವಿಷಯ ಜಗತ್ತಿನಲ್ಲಿ ಎರಡೇ, ಅದರಲ್ಲಿ ಒಂದು ಕಳೆದುಹೋದ ಕುರ್ಚಿ. ದೊಡ್ಡತ್ತೆಯ ಮೇಲೆ ಅನುಮಾನ ಪಟ್ಟೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಒಂದು ಸಂಜೆ ನಿನ್ನ ಹೆಂಡತಿಯ ತಾಯಿಯ ಮನೆಯ ಕಡೆ ಹೋಗಬೇಕಾಗಿ ಬಂತು. ಅವರ ಮನೆಯೆದುರಿಗಿನ ಸೈಕಲ್ ರಿಪೇರಿ ಅಂಗಡಿಯ ಮುಂದೆ ಎರಡು ನೀಲಿ ಕುರ್ಚಿ. ನನ್ನವು, ಬೆನ್ನಿಗೆ ನಮ್ಮ ಅಂಗಡಿಯ ಗುರುತು ಇದೆ. ಒಂದರಲ್ಲಿ ನಿನ್ನಪ್ಪ, ಕೈ ಕಟ್ಟಿಕೊಂಡು, ಮಹಡಿಯ ಕಿಟಕಿ ನೋಡುತ್ತ.

"ಏನ್ರೀ ಇದು?"

"ಸೈಕಲ್ ರಿಪೇರಿ ನೋಡ್ತಿದ್ದೆ."

"ಸೈಕಲ್ ಕೆಳಗಿದೆ, ನೀವು ಮೇಲೆ ನೋಡ್ತಿದ್ದೀರ. ಹೋಗ್ಲಿ, ಎರಡು ಕುರ್ಚಿ ಯಾಕೆ?"

"ಒಂದೇ ಹಾಕಿದ್ರೆ ಕಾವಲು ಕೂತ ಹಾಗೆ ಕಾಣುತ್ತೆ."

ನಿನ್ನ ಹೆಂಡತಿಗೆ ಇದು ಮೊದಲಿಂದ ಗೊತ್ತಿತ್ತು. ಅವಳು ನಿನ್ನ ಮಾತು ಮೀರಲಿಲ್ಲ. ಮಗುವನ್ನು ಕೆಳಗಿಳಿಸಲಿಲ್ಲ. ಆದರೆ ಸಂಜೆ ದೀಪ ಹಾಕುವ ಹೊತ್ತಿಗೆ ಅವನನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಬಂದು ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳಂತೆ. ತೊಡೆ ಹತ್ತಬಾರದು ಎಂದಿದ್ದೆ, ಕಿಟಕಿಯ ಬಗ್ಗೆ ನೀನೇನೂ ಹೇಳಿರಲಿಲ್ಲವಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೂತು ಓದು.

ಮೊನ್ನೆ ಬಟಾಣಿಗೆ ಲಸಿಕೆ ಹಾಕಿಸುವ ದಿನವಿತ್ತು. ನಿನ್ನ ಅತ್ತೆಗೆ ಮಂಡಿ ನೋವು, ಮೆಟ್ಟಿಲು ಇಳಿಯಲಾಗಲಿಲ್ಲ. ನಿನ್ನ ಹೆಂಡತಿ ನನ್ನನ್ನು ಕರೆದಳು. ನಾನು ಹೋಗಬೇಕಾದರೆ ವ್ಯಾನು ಬೇಕು, ವ್ಯಾನು ಬೇಕಾದರೆ ನಿನ್ನಪ್ಪ ಬೇಕು. ಅವರು ಆರೋಗ್ಯ ಕೇಂದ್ರದ ಮುಂದೆ ನಿಲ್ಲಿಸಿ, "ನೀವು ಹೋಗಿ, ನಾನು ಇಲ್ಲೇ ಇರ್ತೀನಿ" ಎಂದು ಸ್ಟೇರಿಂಗು ಹಿಡಿದು ಕೂತರು. ಒಳಗೆ ಉದ್ದ ಸಾಲು. ಗೋಡೆಗೆ ಅಲ್ಲಲ್ಲಿ ಉದುರಿದ ಹಸಿರು ಸುಣ್ಣ, ಒಂದು ಬೆಂಚು, ಒಂದು ಸ್ಟೂಲು, ಮೂಲೆಯಲ್ಲಿ ಐಸಿನ ಪೆಟ್ಟಿಗೆ. ಕೂರುವ ವ್ಯವಸ್ಥೆ ಬಹಳ ಕೆಟ್ಟದ್ದು. ಹತ್ತು ಕುರ್ಚಿ ಪುಕ್ಕಟೆ ಕೊಡೋಣ ಎನ್ನಿಸಿತು, ಆಮೇಲೆ ಸುಧಾರಿಸಿಕೊಂಡೆ.

ನಮ್ಮ ಸರದಿ ಬಂತು. "ಯಾರಮ್ಮ ಮಗು ಹಿಡಿಯೋರು? ಗಟ್ಟಿಯಾಗಿ ಹಿಡೀಬೇಕು, ಎರಡೂ ತೊಡೆಗೆ ಹಾಕ್ಬೇಕು" ಎಂದಳು ನರ್ಸು. ನಿನ್ನ ಹೆಂಡತಿ ಸೂಜಿ ನೋಡಿದ ಕೂಡಲೇ ಗೋಡೆ ಹಿಡಿದುಕೊಂಡಳು. ನನ್ನ ಬಲಗೈ ಮಣಿಕಟ್ಟಿಗೆ ಬ್ಯಾಂಡೇಜು ಇತ್ತು, ಕುರ್ಚಿ ಎತ್ತುವಾಗ ಉಳುಕಿದ್ದು. ನರ್ಸು ನಮ್ಮಿಬ್ಬರನ್ನೂ ನೋಡಿ, "ಚೆನ್ನಾಗಿದೆ ಜೋಡಿ! ಮನೇಲಿ ಇನ್ಯಾರೂ ಇಲ್ವಾ?" ಎಂದಳು. ನಿನ್ನ ಹೆಂಡತಿ ಹೊರಗೆ ಹೋಗಿ ಅವರನ್ನು ಕರೆತಂದಳು.

ಬಂದವರು ಬಾಗಿಲಲ್ಲೇ ನಿಂತರು. "ಮಾವ, ನೀವೇ ಹಿಡ್ಕೊಳ್ಳಿ" ಎಂದಳು ಅವಳು.

"ಬೇಡಮ್ಮ. ಅವನು ಬೇಡ ಅಂದು ಹೋಗಿದ್ದಾನೆ."

"ಅವರಿಗೆ ನಾನು ಹೇಳ್ಕೋತೀನಿ."

"ಅವನು ನನಗೆ ಹೇಳಿದ್ದು ಕಣಮ್ಮ, ನಿನಗಲ್ಲ."

ಇದನ್ನು ನೀನು ಎರಡು ಸಲ ಓದು. ಬಾಗಿಲಲ್ಲಿ ನಿಂತು ನೀನು ಎಸೆದ ಮಾತನ್ನು, ನೀನು ಅಲ್ಲಿಲ್ಲದಾಗ, ಮೊಮ್ಮಗ ಕೈಯಳತೆಯಲ್ಲಿರುವಾಗ ಆ ಮನುಷ್ಯ ಪಾಲಿಸುತ್ತಿದ್ದರು.

"ಇದೇನ್ರೀ ಮನೆ ಪಂಚಾಯ್ತಿ ಇಲ್ಲಿ! ಹಿಂದೆ ಸಾಲು ನಿಂತಿದೆ. ಹಿಡಿಯೋದಾದ್ರೆ ಹಿಡೀರಿ, ಇಲ್ಲಾಂದ್ರೆ ಮುಂದಿನ ವಾರ ಬನ್ನಿ" ಎಂದಳು ನರ್ಸು. ನಿನ್ನ ಹೆಂಡತಿ ಬಟಾಣಿಯನ್ನು ಅವರ ಕೈಗಿಟ್ಟು ಹಿಂದೆ ಸರಿದಳು. ಕೆಳಗೆ ಹಾಕಲಾಗುತ್ತದೆಯೇ? ಸ್ಟೂಲಿನ ಮೇಲೆ ಕೂತರು. ಕೂರಿಸಿಕೊಂಡರು. ಎಷ್ಟು ಸಡಿಲವಾಗಿ ಹಿಡಿದಿದ್ದರೆಂದರೆ ನರ್ಸು, "ತಾತ, ಅದು ಗಾಜಲ್ಲ, ಮಗು. ಗಟ್ಟಿಯಾಗಿ" ಎಂದಳು. ಸ್ವಲ್ಪ ಬಿಗಿ ಮಾಡಿದರು. "ಇನ್ನೂ ಗಟ್ಟಿ." ಅವರು ನಿನ್ನ ಹೆಂಡತಿಯ ಮುಖ ನೋಡಿದರು. ಅವಳು ತಲೆಯಾಡಿಸಿದಳು. ಆಮೇಲೆ ಬಟಾಣಿಯ ಕಡೆ ಬಾಗಿದರು.

"ನೋಡು ಮಗಾ," ಎಂದರು. "ಇವರು ಈಗ ಸೂಜಿ ಚುಚ್ತಾರೆ. ನೋವಾಗುತ್ತೆ. ಆಗಲ್ಲ ಅಂತ ನಾನು ಹೇಳಲ್ಲ. ಎರಡು ಸಲ ನೋವಾಗುತ್ತೆ. ನಾನು ಹಿಡ್ಕೊಂಡಿರ್ತೀನಿ, ಮುಗಿದ ತಕ್ಷಣ ಬಿಡ್ತೀನಿ."

ನರ್ಸು ನಕ್ಕಳು. "ಅದಕ್ಕೇನು ಅರ್ಥ ಆಗುತ್ತೆ ತಾತ?"

"ಅದಕ್ಕೆ ಆಗ್ಬೇಕಾಗಿಲ್ಲಮ್ಮ," ಎಂದರು. "ಹೇಳೋದು ಬಾಕಿ ಇತ್ತು."

ಚುಚ್ಚಿದರು. ಬಟಾಣಿ ಆರೋಗ್ಯ ಕೇಂದ್ರದ ಮಾಡು ಹಾರಿಹೋಗುವಂತೆ ಕಿರುಚಿದ. ಗಂಟಲು ಮಾತ್ರ ದೊಡ್ಡತ್ತೆಯ ಕಡೆಯದು, ಅನುಮಾನವೇ ಇಲ್ಲ. ಎರಡನೆಯದೂ ಆಯಿತು. ನರ್ಸು ಹತ್ತಿ ಒತ್ತಿ, "ಮುಗೀತು" ಎಂದ ಕೂಡಲೇ ನಿನ್ನಪ್ಪ ಎರಡೂ ಕೈ ಬಿಡಿಸಿ ಅಗಲಕ್ಕೆ ಚಾಚಿದರು, ಪೂರ್ತಿ, ನಿನ್ನ ಹೆಂಡತಿ ಅವನನ್ನು ಎತ್ತಿಕೊಳ್ಳಲಿ ಎಂದು. ಅವಳು ಎತ್ತಿಕೊಳ್ಳಲಿಲ್ಲ. ಬಟಾಣಿ ಯಾರೂ ಹಿಡಿಯದೆಯೇ ಅವರ ಹೊಟ್ಟೆಗೆ ಮುಖ ಒತ್ತಿಕೊಂಡು, ಅಂಗಿ ಒದ್ದೆ ಮಾಡುತ್ತ, ಅಲ್ಲೇ ಬಿದ್ದುಕೊಂಡಿದ್ದ. ಅಳು ಬಿಕ್ಕಾಯಿತು, ಬಿಕ್ಕು ನಿಂತಿತು. ಅಷ್ಟು ಹೊತ್ತೂ ಇವರ ಕೈ ಗಾಳಿಯಲ್ಲೇ ಇತ್ತು. ಕೊನೆಗೆ ನರ್ಸೇ, "ಅಯ್ಯೋ, ಇಳಿಸಿ ಕೈನ, ಬಿದ್ದುಹೋಗುತ್ತೆ ಮಗು" ಎಂದಳು. ಇಳಿಸಿದರು. ಬೆನ್ನ ಮೇಲೆ ಇಟ್ಟರು.

ವ್ಯಾನಿನಲ್ಲಿ ಬರುವಾಗ ಅವರು ಹೇಳಿದ್ದು ಒಂದೇ ಮಾತು: "ಅವನಿಗೆ ಗೊತ್ತಾಗ್ಬೇಕು. ನಾನು ಕದ್ದು ಕೂರಿಸಿಕೊಂಡೆ ಅಂತ ಆಗ್ಬಾರ್ದು." ಅದಕ್ಕೇ ನಾನು ಬರೆಯುತ್ತಿರುವುದು. ಬರೆಯಲು ಹೇಳಿದ್ದು ಅವರೇ ಎಂದುಕೋ.

ಅವರ ಮನಸ್ಸು ಬದಲಾಗಿದೆ ಎಂದು ನಿನ್ನನ್ನು ಸಂತೋಷಪಡಿಸಲು ಬರೆಯಲಾರೆ. ಬದಲಾಗಿಲ್ಲ. ಇವತ್ತು ಬೆಳಗ್ಗೆಯೂ, "ಮಾಡಿಸಬೇಕಿತ್ತು ಕಣೇ, ನಾಳೆ ಅವನೊಬ್ಬನೇ ಬೇರೆ ಅಂತ ಆಗ್ತಾನೆ" ಎಂದು ನಿಟ್ಟುಸಿರು ಬಿಟ್ಟರು. ಆ ಚಿಂತೆ ಅವರಿಗೆ ಹೋಗುವುದಿಲ್ಲ. ನನಗೂ ಒಂದೊಂದು ಸಲ ಬರುತ್ತದೆ. ನಾಳೆ ಇವನು ದೊಡ್ಡವನಾಗಿ ನಮ್ಮವರ ನಡುವೆ ನಿಂತಾಗ ಯಾರು ಏನನ್ನುತ್ತಾರೋ, ನೀವಿಬ್ಬರೂ ಏನು ಉತ್ತರ ಹೇಳುತ್ತೀರೋ. ಅದು ನಿಮ್ಮ ಹೊರೆ, ನೀವೇ ಎತ್ತಿಕೊಂಡಿದ್ದೀರಿ, ಹೊರುವಾಗ ಬೇಕೆಂದರೆ ಒಂದು ಕೈ ಕೊಡುತ್ತೇನೆ. ಆದರೆ ಸುನ್ನತಿ ಬೇಡ ಎಂದ ನಿನ್ನ ಮಾತು ಬೇರೆ, ತೊಡೆ ಬೇಡ ಎಂದ ಮಾತು ಬೇರೆ. ಮೊದಲನೆಯದು ಮಗುವಿಗಾಗಿ ಆಡಿದ್ದು. ಎರಡನೆಯದು ನಿನಗಾಗಿ ಆಡಿದ್ದು. ಮೊದಲನೆಯದನ್ನು ಇಟ್ಟುಕೋ. ಎರಡನೆಯದು ಅಂದು ಸರಿಯಾಗಿಯೇ ಇತ್ತೇನೋ. ಆ ಆರು ವರ್ಷದವನ ಪರವಾಗಿ ಮಾತಾಡಲು ಯಾರಾದರೂ ಬೇಕಿತ್ತು, ನೀನೇ ಮಾತಾಡಿದೆ. ನಿನ್ನಪ್ಪ ಕೇಳಿಸಿಕೊಂಡರು. ಕೇಳಿಸಿಕೊಂಡದ್ದಕ್ಕೆ ಮೊನ್ನೆ ಅವರು ಕೊಟ್ಟ ಉತ್ತರ ಮೇಲೆ ಬರೆದಿದ್ದೇನೆ. ಅದು ಸಾಕೋ ಸಾಲದೋ ನೀನು ಹೇಳಬೇಕು.

ಮುಂದಿನ ತಿಂಗಳು ಮತ್ತೆ ಲಸಿಕೆ ಇದೆ. ನೀನು ಬಂದರೆ ನೀನೇ ಹಿಡಿ, ಅವರು ಪಕ್ಕದಲ್ಲಿ ಕೂರುತ್ತಾರೆ. ಬರದಿದ್ದರೆ ಒಂದು ಫೋನ್ ಮಾಡಿ ಅವರಿಗೆ ಹೇಳು, ಹಿಡಿಯಬಹುದೋ ಬಾರದೋ ಎಂದು. ನನಗಲ್ಲ, ಅವರಿಗೆ. ನೀನು ಬೇಡ ಎಂದರೆ ಅವರು ವ್ಯಾನಿನಲ್ಲೇ ಕೂರುತ್ತಾರೆ. ಆ ಮನುಷ್ಯನನ್ನು ಇಷ್ಟು ವರ್ಷದಿಂದ ಬಲ್ಲೆ.

ಕೊನೆಗೆ ಯಾರಿಗೆ ಏನು ದಕ್ಕಿತು ಎಂದು ಹೇಳಿ ಮುಗಿ‌ಸುತ್ತೇನೆ. ದೊಡ್ಡತ್ತೆಗೆ ವರ್ಷಪೂರ್ತಿ ಹೇಳಿಕೊಂಡು ತಿರುಗಲು ಒಂದು ಕಥೆ. ಡಾಕ್ಟರಿಗೆ ಒಂದು ಊಟ. ನಿನ್ನ ಹೆಂಡತಿಗೆ ತನ್ನ ದನಿ ಕೊನೆಯ ಸಾಲಿನವರೆಗೂ ಕೇಳುತ್ತದೆ ಎನ್ನುವ ತಿಳಿವಳಿಕೆ. ಬಟಾಣಿಗೆ ಎರಡು ಸೂಜಿ, ಒಂದು ತಾತ, ಮತ್ತು ಹುಟ್ಟುವಾಗ ತಂದದ್ದೆಲ್ಲ ಹಾಗೆಯೇ. ನಿನ್ನಪ್ಪನಿಗೆ ತೊಡೆಯ ಮೇಲೆ ಮೊಮ್ಮಗ, ಒಂದು ಅಳು ಮುಗಿಯುವಷ್ಟು ಹೊತ್ತು. ನನಗೆ ಕಳೆದುಹೋಗಿದ್ದ ಎರಡು ಕುರ್ಚಿ ಸಿಕ್ಕವು. ವಾಪಸ್ ತಂದಿಲ್ಲ, ಅಲ್ಲೇ ಇವೆ. ಒಂದು ಖಾಲಿ ಇದೆ.

ಕಾಯುತ್ತಿರುವ,
ನಿನ್ನ ಅಮ್ಮ

ತಾ.ಕ.: ನನ್ನ ಮಣಿಕಟ್ಟಿಗೆ ಏನೂ ಆಗಿರಲಿಲ್ಲ. ಬ್ಯಾಂಡೇಜು ಕಟ್ಟಿದ್ದು ನಿನ್ನ ಹೆಂಡತಿ, ಹೊರಡುವ ಮುಂಚೆ, ಅವಳ ತಾಯಿಯ ಅಡುಗೆಮನೆಯಲ್ಲಿ. ಅವಳು ಸೂಜಿಗೆ ಹೆದರುವವಳೂ ಅಲ್ಲ. ಯೋಚನೆ ಯಾರದ್ದು ಮೊದಲು ಎಂದು ನಮ್ಮಿಬ್ಬರಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಅವಳು ನನ್ನದು ಎನ್ನುತ್ತಾಳೆ, ನಾನು ಅವಳದು ಎನ್ನುತ್ತೇನೆ. ಬೈಯುವುದಾದರೆ ಇಬ್ಬರನ್ನೂ ಸೇರಿಸಿ ಬೈಯಿ, ಆದರೆ ಮನೆಗೆ ಬಂದು ಬೈಯಿ. ನಿನ್ನಪ್ಪನಿಗೆ ಹೇಳಬೇಡ. ದಿನಾ ರಾತ್ರಿ ನನ್ನ ಕೈಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಾರೆ.